ಗುರುಗುಟ್ಟುವ ನಾಯಿಗೆ ಬಡಿಗೆ ಬೇಡ

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಯಾರು ಕಟ್ಟಿದರೋ ತಿಳಿಯದು. ಅವರು ಒಂದು ವಾರವಾದರೂ ದವಾಖಾನೆಯಲ್ಲಿ ಕುಳಿತಿದ್ದರೆ ಈ ಗಾದೆ ಹುಟ್ಟುತ್ತಿರಲಿಲ್ಲ. ಬೊಗಳುವ ನಾಯಿಯೂ ಕಚ್ಚುತ್ತದೆ, ಬೊಗಳದ ನಾಯಿಯೂ ಕಚ್ಚುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಹಳ್ಳಿಗಳಿಂದ ನಾಯಿ ಕಡಿತವೆಂದು ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ‘ಯಾವ ನಾಯಿ?’ ಎಂದು. ಬರುವ ಉತ್ತರ ಎರಡು ಬಗೆಯದು. ‘ಓಣಿ ನಾಯಿ ರೀ’ ಎಂಬುದು ಒಂದು. ಇನ್ನೊಂದು ಸ್ವಲ್ಪ ತಡವರಿಸಿ, ದನಿ ತಗ್ಗಿಸಿ ಹೇಳುವಂಥದ್ದು: ‘ನಮ್ಮ ಮನೀದ ರೀ.’

ಓಣಿಯ ನಾಯಿಗಳ ಸಂತಾನ ನಿಯಂತ್ರಣ, ಅವುಗಳಿಗೆ ಲಸಿಕೆ ಇವೆಲ್ಲ ಪುರಸಭೆ, ಪಂಚಾಯತಿಗಳ ಹೊಣೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಅದನ್ನು ಸ್ಪಷ್ಟವಾಗಿ ಹೇಳಿವೆ. ಆ ಕುರಿತು ಬೇರೆಯೇ ಬರೆಯಬೇಕು. ಈ ವಾರದ ಮಾತು ಎರಡನೆಯ ಉತ್ತರದ್ದು. ನಾವೇ ಪ್ರೀತಿಯಿಂದ ತಂದು, ಹೆಸರಿಟ್ಟು, ಹಾಲು ಹಾಕಿ ಬೆಳೆಸಿದ ನಾಯಿ ನಮ್ಮ ಮಗುವಿನ ಕೈಗೆ ಏಕೆ ಬಾಯಿ ಹಾಕುತ್ತದೆ?

‘ಡಾಕ್ಟರಿಗೂ ನಾಯಿ ಪಳಗಿಸುವುದಕ್ಕೂ ಏನು ಸಂಬಂಧ?’ ಎಂದು ಕೆಲವರು ಹುಬ್ಬೇರಿಸಬಹುದು. ರೇಬೀಸ್ ಎಂಬ ಹುಚ್ಚುನಾಯಿ ರೋಗದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59 ಸಾವಿರ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಮ್ಮ ದೇಶದ ಪಾಲು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40ರಷ್ಟು 15 ವರ್ಷದೊಳಗಿನ ಮಕ್ಕಳು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ನಮ್ಮ ಕೈಯಲ್ಲಿ ಮದ್ದಿಲ್ಲ. ಹೀಗಿರುವಾಗ ಕಡಿತವೇ ಆಗದಂತೆ ನೋಡಿಕೊಳ್ಳುವುದು ವೈದ್ಯನ ಕೆಲಸವಲ್ಲದೆ ಇನ್ನಾರದು?

ಬಡಿಗೆ ಕಲಿಸುವ ಪಾಠ

ಏಳು ವರ್ಷದ ಒಬ್ಬ ಹುಡುಗನನ್ನು ಕೆನ್ನೆ ಹರಿದ ಸ್ಥಿತಿಯಲ್ಲಿ ಕರೆತಂದಿದ್ದರು. ಕಚ್ಚಿದ್ದು ಮನೆಯದೇ ನಾಯಿ, ಎರಡು ವರ್ಷದ್ದು. ಅದು ತನ್ನ ಬುಟ್ಟಿಯಲ್ಲಿ ನುಚ್ಚು ತಿನ್ನುತ್ತಿರುವಾಗ ಪಕ್ಕದಲ್ಲಿ ಬಂದು ಬಿದ್ದ ಚೆಂಡನ್ನು ಎತ್ತಿಕೊಳ್ಳಲು ಹುಡುಗ ಬಗ್ಗಿದ್ದ. ಗಾಯ ತೊಳೆಯುತ್ತಿದ್ದಾಗ ತಂದೆ ಹೇಳಿದ ಮಾತು ಹೀಗಿತ್ತು: ‘ಮೊದಲ ಹತ್ರ ಹೋದ್ರ ಗುರ್ ಅಂತಿತ್ರಿ. ಬಡದು ಬಡದು ಅದನ್ನ ಬಿಡಿಸಿದ್ವಿ. ಈಗ ಗುರ್ ಅನ್ನದನ ಕಡದ ಬಿಟ್ಟೈತ್ರಿ.’

ನಾಯಿಗಳ ಸ್ವಭಾವ ಕುರಿತ ದಪ್ಪ ಪುಸ್ತಕಗಳು ಹೇಳುವುದನ್ನು ಆ ರೈತ ಮೂರು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಗುರುಗುಟ್ಟುವುದು ನಾಯಿಯ ಸೊಕ್ಕಲ್ಲ. ‘ನನಗೆ ಭಯವಾಗುತ್ತಿದೆ, ದೂರ ಸರಿ’ ಎಂದು ಅದು ತನಗೆ ಗೊತ್ತಿರುವ ಭಾಷೆಯಲ್ಲಿ ಹೇಳುವ ಮಾತು. ಆ ಮಾತಿಗೆ ಬಡಿಗೆಯ ಉತ್ತರ ಸಿಕ್ಕರೆ ನಾಯಿ ಮಾತನ್ನು ಬಿಡುತ್ತದೆ, ಭಯವನ್ನು ಬಿಡುವುದಿಲ್ಲ. ಥರ್ಮಾಮೀಟರ್ ಒಡೆದು ಹಾಕಿದ ಮಾತ್ರಕ್ಕೆ ಜ್ವರ ಇಳಿದೀತೆ?

ಗುರುಗುಟ್ಟುವುದಕ್ಕೂ ಮುಂಚೆ ನಾಯಿ ಹಲವು ಸನ್ನೆಗಳನ್ನು ಮಾಡಿರುತ್ತದೆ. ಮುಖ ಪಕ್ಕಕ್ಕೆ ತಿರುಗಿಸುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಎದುರಿಗೆ ತಿಂಡಿಯಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ಓರೆಗಣ್ಣಿನಿಂದ ಬಿಳಿಗುಡ್ಡೆ ಕಾಣುವಂತೆ ನೋಡುತ್ತದೆ, ಬಾಲ ಒಳಗೆ ಸೇರಿಸುತ್ತದೆ. ತಿನ್ನುತ್ತಿದ್ದ ನಾಯಿ ಥಟ್ಟನೆ ನಿಲ್ಲಿಸಿ ಕಲ್ಲಿನಂತೆ ಬಿಗಿಯಾದರೆ ಅದು ಕೊನೆಯ ಎಚ್ಚರಿಕೆ. ಬಾಲ ಅಲ್ಲಾಡಿಸಿತೆಂದ ಮಾತ್ರಕ್ಕೆ ಖುಷಿಯಾಗಿದೆ ಎಂದು ತಿಳಿಯಬಾರದು. ಮೈ ಬಿಗಿಹಿಡಿದು, ಬಾಲ ಮೇಲೆತ್ತಿ ಸಣ್ಣಗೆ ಆಡಿಸುವ ನಾಯಿ ಸಿಟ್ಟಿನಲ್ಲಿರಬಹುದು.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಈ ಬಗ್ಗೆ ಒಂದು ಸಮೀಕ್ಷೆ ನಡೆಸಿ 2009ರಲ್ಲಿ ಪ್ರಕಟಿಸಿದರು. ನಾಯಿ ಸಾಕಿದ 140 ಜನರನ್ನು, ನೀವು ಯಾವ ಯಾವ ಶಿಕ್ಷೆ ಕೊಟ್ಟಿರಿ, ಆಗ ನಾಯಿ ಏನು ಮಾಡಿತು ಎಂದು ಕೇಳಿದರು. ಹೊಡೆದವರು ಅಥವಾ ಒದ್ದವರಲ್ಲಿ ನೂರಕ್ಕೆ 43 ಜನ, ನಾಯಿ ತಿರುಗಿ ತಮ್ಮ ಮೇಲೆಯೇ ಬಂತೆಂದು ತಿಳಿಸಿದರು. ಹೊಡೆಯದೆ ಕಲಿಸಿದವರಲ್ಲಿ ಅಂಥ ದೂರು ತೀರ ಕಡಿಮೆ.

ಇನ್ನೊಂದು ಮಾತು. ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತದ ರೀ, ಮಾರಿ ನೋಡಿದ್ರ ತಿಳೀತದ’ ಎನ್ನುವವರು ಬಹಳ ಜನ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ ಇದನ್ನೂ 2009ರಲ್ಲಿ ಪರೀಕ್ಷೆಗೆ ಒಡ್ಡಿದರು. ನಾಯಿ ನಿಜಕ್ಕೂ ತಿಂಡಿ ಕದ್ದಿತ್ತೋ ಇಲ್ಲವೋ, ಯಜಮಾನ ಗದರಿದಾಗಲೆಲ್ಲ ಅದು ಆ ‘ತಪ್ಪಿತಸ್ಥ ಮುಖ’ ಮಾಡಿತು. ಅಂದರೆ ನಾವು ಪಶ್ಚಾತ್ತಾಪವೆಂದು ತಿಳಿದದ್ದು ನಮ್ಮ ಸಿಟ್ಟಿನ ಹೆದರಿಕೆ. ಮುಂಜಾನೆ ಪಡಸಾಲೆಯಲ್ಲಿ ಹೊಲಸು ಮಾಡಿದ ನಾಯಿಗೆ ಮಧ್ಯಾಹ್ನ ಹೊಲದಿಂದ ಬಂದು ನಾಲ್ಕು ಬಾರಿಸಿದರೆ, ಅದು ಕಲಿಯುವ ಪಾಠ ಒಂದೇ: ಯಜಮಾನ ಹೊಲದಿಂದ ಬಂದಾಗ ಓಡಬೇಕು. ಮೂಗನ್ನು ಹೊಲಸಿಗೆ ತಿಕ್ಕುವ ಪದ್ಧತಿಯಂತೂ ಎಲ್ಲಿಂದ ಬಂತೋ, ಅದರಿಂದ ಪ್ರಯೋಜನವೇನೂ ಇಲ್ಲ.

ಕಡಲೆ ಕಾಳಿನಷ್ಟು ರೊಟ್ಟಿ

ಹಾಗಾದರೆ ಕಲಿಸುವುದು ಹೇಗೆ? ಪಾವ್ಲೋವ್ ಎಂಬ ರಷ್ಯದ ವೈದ್ಯವಿಜ್ಞಾನಿಯ ಹೆಸರನ್ನು ಕಾಲೇಜು ಓದುವ ಮಕ್ಕಳು ಕೇಳಿರಬಹುದು. ಅವರಿಗೆ 1904ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಆ ಪ್ರಯೋಗಗಳ ನಡುವೆಯೇ, ಅನ್ನದ ಮುನ್ಸೂಚನೆ ಸಿಕ್ಕರೂ ಸಾಕು, ಅನ್ನ ಬರುವ ಮೊದಲೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಮುಂದೆ ಥಾರ್ನ್‌ಡೈಕ್, ಸ್ಕಿನ್ನರ್ ಮೊದಲಾದವರು ಮತ್ತೊಂದು ಸಂಗತಿಯನ್ನು ತೋರಿಸಿಕೊಟ್ಟರು: ಯಾವ ಕೆಲಸದಿಂದ ಒಳ್ಳೆಯದು ಸಿಗುತ್ತದೆಯೋ ಆ ಕೆಲಸವನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ. ಇಷ್ಟೇ ವಿದ್ಯೆ. ಇದಕ್ಕೆ ದುಡ್ಡಿನ ಖರ್ಚಿಲ್ಲ, ತಾಳ್ಮೆಯ ಖರ್ಚಿದೆ.

ಬಹುಮಾನವಾಗಿ ಪ್ಯಾಕೆಟ್ಟಿನ ಬಿಸ್ಕತ್ತೇ ಆಗಬೇಕೆಂದಿಲ್ಲ. ಜೋಳದ ರೊಟ್ಟಿಯ ಚೂರು, ಉಪ್ಪು ಹಾಕದ ಹುರಿದ ಶೇಂಗಾ, ಕೊಬ್ಬರಿ ತುಣುಕು, ಮಾಂಸಾಹಾರಿಗಳ ಮನೆಯಲ್ಲಾದರೆ ಕುದಿಸಿದ ತತ್ತಿಯ ಚೂರು, ಯಾವುದಾದರೂ ಆದೀತು. ಗಾತ್ರ ಕಡಲೆ ಕಾಳಿಗಿಂತ ದೊಡ್ಡದು ಬೇಡ. ಹೊಟ್ಟೆ ತುಂಬಿದ ನಾಯಿ ಏನನ್ನೂ ಕಲಿಯದು. ಆದ್ದರಿಂದ ಪಾಠ ಊಟಕ್ಕೆ ಮುಂಚೆ ನಡೆಯಲಿ, ಐದು ನಿಮಿಷಕ್ಕೆ ಮುಗಿಯಲಿ. ಉಳ್ಳಾಗಡ್ಡಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ಮಾತ್ರ ಕೊಡಬೇಡಿ. ಇವು ನಾಯಿಗೆ ವಿಷ.

ರೊಟ್ಟಿ ಚೂರನ್ನು ನಾಯಿಯ ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯಿರಿ. ಮೂಗು ಮೇಲೆ ಹೋದಂತೆ ಹಿಂಭಾಗ ತಾನಾಗಿಯೇ ಕೆಳಗಿಳಿಯುತ್ತದೆ. ನೆಲಕ್ಕೆ ಕುಳಿತ ಆ ಕ್ಷಣದಲ್ಲೇ ‘ಶಾಬಾಸ್’ ಎಂದು ಚೂರು ಕೊಡಿ. ‘ಆ ಕ್ಷಣದಲ್ಲೇ’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಎದ್ದು ನಿಂತ ಮೇಲೆ ಕೊಟ್ಟರೆ ಎದ್ದು ನಿಂತದ್ದಕ್ಕೆ ಬಹುಮಾನ ಕೊಟ್ಟಂತಾಯಿತು. ಮೂರು ನಾಲ್ಕು ದಿನದಲ್ಲಿ ಕೈ ಎತ್ತಿದರೆ ಸಾಕು, ಕೂಡುತ್ತದೆ. ಆಮೇಲೆ ಮಾತು ಸೇರಿಸಿ. ಕಲಿತ ಮೇಲೆ ಪ್ರತಿಸಲವೂ ರೊಟ್ಟಿ ಬೇಕಿಲ್ಲ. ಒಮ್ಮೆ ಚೂರು, ಒಮ್ಮೆ ಬೆನ್ನು ಸವರಿದರೆ ಸಾಕು.

ಮಾತು ಯಾವುದು ಎಂಬಲ್ಲಿಯೇ ನಮ್ಮ ಮನೆಗಳಲ್ಲಿ ಪೇಚು. ಅಜ್ಜ ‘ಕುಂಡ್ರು’ ಎನ್ನುತ್ತಾರೆ, ತಾಯಿ ‘ಕೂಡು’ ಎನ್ನುತ್ತಾಳೆ, ಕಾನ್ವೆಂಟಿಗೆ ಹೋಗುವ ಮೊಮ್ಮಗ ‘ಸಿಟ್’ ಎನ್ನುತ್ತಾನೆ. ಮೂರು ಮಾತಿಗೆ ಒಂದೇ ಅರ್ಥವೆಂದು ನಾಯಿಗೆ ಯಾರು ಹೇಳಬೇಕು? ನಾಯಿ ತರುವ ದಿನವೇ ಮನೆಯವರೆಲ್ಲ ಕುಳಿತು ಒಂದು ಕೆಲಸಕ್ಕೆ ಒಂದೇ ಮಾತು ಎಂದು ಗೊತ್ತುಮಾಡಿಕೊಳ್ಳಬೇಕು. ಅಡುಗೆಮನೆಯ ಹೊಸ್ತಿಲು ದಾಟಬಾರದೆಂದು ತಾಯಿ ಕಲಿಸುತ್ತಿರುವಾಗ, ಊಟಕ್ಕೆ ಕುಳಿತ ಅಜ್ಜ ಪ್ರೀತಿಯಿಂದ ಒಳಕ್ಕೆ ಕರೆದು ತುತ್ತು ಹಾಕಿದರೆ ತಿಂಗಳ ಪಾಠ ಹಾಳು. ಹಿರಿಯರಿಗೆ ಇದನ್ನು ಹೇಳುವುದು ನಾಯಿಗೆ ಹೇಳುವುದಕ್ಕಿಂತ ಕಷ್ಟ ಎಂಬುದೂ ನನಗೆ ಗೊತ್ತು.

ಜಿಗಿಯುವ ನಾಯಿಗೆ ಮೊಣಕಾಲು ಕೊಡುವ ಬದಲು ಮೈ ತಿರುಗಿಸಿ ನಿಂತುಬಿಡಿ. ನಾಲ್ಕೂ ಕಾಲು ನೆಲಕ್ಕೆ ಊರಿದಾಗ ಮಾತಾಡಿಸಿ. ಹೊಲಸಿನ ವಿಷಯದಲ್ಲಿ ಇಷ್ಟು: ಮರಿ ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಮೇಲೆ ಹಿತ್ತಲಿಗೆ ಕರೆದೊಯ್ಯಿರಿ, ಅಲ್ಲಿ ಮಾಡಿದಾಗ ಅಲ್ಲಿಯೇ ಚೂರು ಕೊಡಿ. ಮನೆಯೊಳಗೆ ಮಾಡಿದರೆ ಮಾತಾಡದೆ ಸ್ವಚ್ಛ ಮಾಡಿ.

ತಟ್ಟೆಯ ಹತ್ತಿರ ಗುರುಗುಟ್ಟುವ ನಾಯಿಗೆ ಏನು ಮಾಡಬೇಕೆಂಬುದು ಆ ಕೆನ್ನೆ ಹರಿದ ಹುಡುಗನ ಮನೆಯವರು ಕೇಳಿದ ಪ್ರಶ್ನೆ. ಇದನ್ನು ದೊಡ್ಡವರೇ ಮಾಡಬೇಕು, ಮಕ್ಕಳ ಕೈಗೆ ಕೊಡಬಾರದು. ನಾಯಿ ತಿನ್ನುತ್ತಿರುವಾಗ, ಅದು ಬಿಗಿಯಾಗದಷ್ಟು ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರನ್ನು ಅದರತ್ತ ಎಸೆದು ನಡೆದುಬಿಡಿ. ನಿಲ್ಲಬೇಡಿ, ನೋಡಬೇಡಿ. ದಿನವೂ ಹೀಗೆ ಮಾಡುತ್ತ ವಾರಕ್ಕೊಮ್ಮೆ ಒಂದೊಂದು ಹೆಜ್ಜೆ ಹತ್ತಿರವಾಗಿ. ‘ಇವರು ಬಂದರೆ ನನ್ನದು ಹೋಗುತ್ತದೆ’ ಎಂದುಕೊಂಡಿದ್ದ ನಾಯಿ ‘ಇವರು ಬಂದರೆ ಇನ್ನಷ್ಟು ಸಿಗುತ್ತದೆ’ ಎಂದು ತಿಳಿಯಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಅದರ ಊಟ ಹಿತ್ತಲಿನಲ್ಲಿ, ಬಾಗಿಲು ಮುಚ್ಚಿ ನಡೆಯಲಿ. ಒಮ್ಮೆ ರಕ್ತ ಬರುವಂತೆ ಕಚ್ಚಿದ ನಾಯಿಯ ವಿಷಯದಲ್ಲಿ ಪಶುವೈದ್ಯರನ್ನು ಕಾಣುವುದು ಅವಶ್ಯ. ಕಿವಿನೋವು, ಹಲ್ಲುನೋವು, ಕೀಲುನೋವು ಇದ್ದರೂ ನಾಯಿ ಕಚ್ಚುತ್ತದೆ. ನೋವಿಗೆ ಯಾವ ತರಬೇತಿಯೂ ಮದ್ದಲ್ಲ.

ಹೊಸದಾಗಿ ಬಂದ ಅತಿಥಿ

ಬೀದಿಯ ಮರಿಗಳನ್ನು ತಂದು ಸಾಕುವವರ ಸಂಖ್ಯೆ ನಮ್ಮ ಕಡೆಯೂ ಹೆಚ್ಚುತ್ತಿದೆ, ಸಂತೋಷದ ಸಂಗತಿ. ಆದರೆ ಕಣ್ಣು ಬಿಟ್ಟು ವಾರವಾಗದ ಮರಿಯನ್ನು ತಾಯಿಯಿಂದ ಕಿತ್ತು ತರಬಾರದು. ಎರಡು ತಿಂಗಳವರೆಗೆ ಅದು ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ಎಷ್ಟು ಬಿಗಿಯಾಗಿ ಬಾಯಿ ಹಾಕಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಆ ಶಾಲೆ ತಪ್ಪಿದ ಮರಿಗೆ ಬಾಯಿಯ ಮೇಲೆ ಹಿಡಿತವಿರುವುದಿಲ್ಲ. ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಅವಧಿಯಲ್ಲಿ ಏನನ್ನು ನೋಡಿ, ಕೇಳಿ, ಮೂಸಿ ಹೆದರದೆ ಬೆಳೆಯುತ್ತದೆಯೋ ಅದಕ್ಕೆ ಜೀವನವಿಡೀ ಹೆದರುವುದು ಕಡಿಮೆ. ಟ್ರ್ಯಾಕ್ಟರ್ ಸದ್ದು, ಗಡ್ಡದ ಮುದುಕರು, ಕೊಡೆ, ಕೋಲು ಹಿಡಿದವರು, ಕಿರುಚುವ ಮಕ್ಕಳು ಎಲ್ಲವನ್ನೂ ದೂರದಿಂದ ತೋರಿಸುತ್ತ, ರೊಟ್ಟಿ ಚೂರು ಕೊಡುತ್ತ ಪರಿಚಯ ಮಾಡಿಸಿ. ನಮ್ಮ ಕುರಿಗಾರರು ಎಳೆಯ ಕುನ್ನಿಯನ್ನು ಕುರಿಮರಿಗಳ ನಡುವೆಯೇ ಬಿಟ್ಟು ಬೆಳೆಸುವುದರ ಹಿಂದೆ ಇದೇ ತಿಳಿವಳಿಕೆ ಇದೆ.

ದೊಡ್ಡ ನಾಯಿಯನ್ನು ತಂದರೆ ಮೊದಲ ದಿನವೇ ಸ್ನಾನ ಮಾಡಿಸಿ, ಓಣಿಯ ಮಕ್ಕಳನ್ನೆಲ್ಲ ಕೂಡಿಸಿ ಮೆರವಣಿಗೆ ಮಾಡಬೇಡಿ. ಒಂದು ಮೂಲೆ, ಒಂದು ಗೋಣಿತಟ್ಟು, ನೀರಿನ ಬೋಗುಣಿ, ಹೊತ್ತು ಹೊತ್ತಿಗೆ ಊಟ ಇಷ್ಟು ಕೊಟ್ಟು ಸುಮ್ಮನಿರಿ. ಅದಾಗಿಯೇ ಹತ್ತಿರ ಬಂದು ಮೂಸಲಿ. ಮದುವೆಯಾಗಿ ಬಂದ ಹೊಸ ಸೊಸೆಗೂ ನಾಲ್ಕು ದಿನ ಬೇಕು, ನಾಯಿಗೆ ನಾಲ್ಕು ವಾರ ಬೇಕೆಂದರೆ ಆಶ್ಚರ್ಯವೇನು?

ನರಗುಂದದಿಂದ ರಾಮದುರ್ಗ, ಲೋಕಾಪುರ ದಾಟಿದರೆ ಮುಧೋಳ. ಆ ಊರಿನ ಬೇಟೆನಾಯಿಯ ಮರಿ ತರುವುದು ನಮ್ಮ ಕಡೆಯವರಿಗೆ ಪ್ರತಿಷ್ಠೆಯ ಮಾತು. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಅದರ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ವರೆಗೂ ಹೋದವು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ತಂದವರು ಒಂದನ್ನು ಮರೆಯುತ್ತಾರೆ. ಅದು ಮೊಲದ ಬೆನ್ನು ಹತ್ತಿ ಓಡಲೆಂದು ಬೆಳೆಸಿದ ತಳಿ, ಕಣ್ಣಿನ ಬಲದ ಮೇಲೆ ಬೇಟೆಯಾಡುವಂಥದ್ದು. ಪರರು ಮೈಮುಟ್ಟಿದರೆ ಅದಕ್ಕೆ ಸೇರದು. ಅಂಥ ನಾಯಿಯನ್ನು ಮುಂಜಾನೆಯಿಂದ ಸಂಜೆತನಕ ಬಾಗಿಲಲ್ಲಿ ಮಾರುದ್ದದ ಚೈನಿಗೆ ಕಟ್ಟಿ, ಹೋಗಿ ಬರುವವರೆಲ್ಲ ತಲೆ ಸವರಿ ‘ಭಾರಿ ಅದ’ ಎಂದರೆ, ಕೊನೆಗೊಂದು ದಿನ ಯಾರಿಗೋ ನನ್ನ ದವಾಖಾನೆಯ ದಾರಿ ಕಾಣಿಸುತ್ತದೆ. ದಿನಕ್ಕೆ ಎರಡು ಸಲ ಹೊಲದಲ್ಲಿ ಓಡಿಸಲು ಆಗುವುದಿಲ್ಲ ಎನ್ನುವವರು ಮುಧೋಳ ನಾಯಿಯ ಆಸೆ ಬಿಡುವುದು ಒಳಿತು. ಬಾಗಿಲು ಕಾಯಲು ಓಣಿಯ ಕುನ್ನಿಯೇ ಸಾಕು.

ಮಕ್ಕಳಿಗೂ ಪಾಠ ಬೇಕು

ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಕಟ್ಟಿಹಾಕಿದ ನಾಯಿ, ಈ ನಾಲ್ಕರ ಹತ್ತಿರ ಹೋಗಬಾರದೆಂದು ಮಗುವಿಗೆ ಮಾತು ಬಂದಾಗಿನಿಂದ ಹೇಳಬೇಕು. ಕೊರಳು ತಬ್ಬಿಕೊಳ್ಳುವುದು, ಮುಖಕ್ಕೆ ಮುಖ ಒಡ್ಡುವುದು ನಮಗೆ ಪ್ರೀತಿ. ನಾಯಿಗೆ ಅದು ಕಟ್ಟಿಹಾಕಿದಂತೆ. ಮಕ್ಕಳ ಗಾಯಗಳು ಮುಖ, ಕುತ್ತಿಗೆಗೆ ಆಗುವುದು ಇದೇ ಕಾರಣಕ್ಕೆ. ಐದು ವರ್ಷದೊಳಗಿನ ಮಗುವನ್ನು ಎಷ್ಟೇ ಸಾಧುವಾದ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ. ಬೀದಿಯಲ್ಲಿ ನಾಯಿ ಮೈಮೇಲೆ ಬಂದರೆ ಓಡದೆ, ಕೈ ಕಟ್ಟಿ, ನೆಲ ನೋಡುತ್ತ ಗಿಡದಂತೆ ನಿಲ್ಲಲು ಕಲಿಸಿ. ಓಡುವುದನ್ನು ಬೆನ್ನಟ್ಟುವುದು ನಾಯಿಯ ಹುಟ್ಟುಗುಣ.

ಕಲಿಸುವ ಕೆಲಸದಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳಿ. ದೊಡ್ಡವರು ಪಕ್ಕದಲ್ಲಿ ನಿಂತು, ಎಂಟು ಹತ್ತು ವರ್ಷದ ಮಗುವಿನಿಂದ ‘ಕೂಡು’ ಹೇಳಿಸಿ, ಅಂಗೈ ಚಾಚಿ ಚೂರು ಕೊಡಿಸಿ. ಬೆರಳ ತುದಿಯಲ್ಲಿ ಹಿಡಿದು ಕೊಟ್ಟರೆ ಬೆರಳಿಗೇ ಹಲ್ಲು ತಾಗುತ್ತದೆ. ಕೋಲು ಹಿಡಿಯದೆ ಮಾತು ನಡೆಯುವುದನ್ನು ಕಂಡ ಮಕ್ಕಳ ಮುಖ ನೋಡುವಂತಿರುತ್ತದೆ.

ಕಚ್ಚಿಬಿಟ್ಟರೆ

ಇಷ್ಟೆಲ್ಲ ಮಾಡಿಯೂ ಕಚ್ಚಬಹುದು. ಆಗ ಸುಣ್ಣ, ಖಾರದ ಪುಡಿ, ಅರಿಶಿನ ಏನನ್ನೂ ಹಚ್ಚದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ಗಾಯ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ 15 ನಿಮಿಷ ಎರಡು ನಿಮಿಷಕ್ಕೆ ಮುಗಿಯುತ್ತದೆ. ನಂತರ ತಡಮಾಡದೆ ಆಸ್ಪತ್ರೆಗೆ ಬನ್ನಿ.

ಹೊಟ್ಟೆಗೆ 14 ಇಂಜೆಕ್ಷನ್ ಎಂಬ ಹೆದರಿಕೆ ಇನ್ನೂ ಹಳ್ಳಿಗಳಲ್ಲಿ ಉಳಿದಿದೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗ ಸರಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮದೊಳಗೆ ಲಸಿಕೆಯನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಚುಚ್ಚುಮದ್ದಿನ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ ಹೋಗಬೇಕು. ತೋಳಿನ ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ 14ನೆಯ ದಿನವೂ ಒಂದು ಸೇರುತ್ತದೆ. ರಕ್ತ ಬಂದ ಗಾಯವಾಗಿದ್ದರೆ ಗಾಯದೊಳಕ್ಕೇ ಇಮ್ಯುನೊಗ್ಲಾಬ್ಯುಲಿನ್ ಹಾಕಬೇಕು. ವೈದ್ಯರನ್ನು ನೀವೇ ಕೇಳಿ. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕೆಂಬುದು ನಿಜ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆಗೆ ಬರೋಣ ಎಂಬುದು ಜೀವಕ್ಕೆ ಎರವು. ನಮ್ಮದೇ ಮನೆಯ ನಾಯಿ, ಎರಡೇ ತಿಂಗಳ ಮರಿ, ಹಾಲುಹಲ್ಲು ತಾಗಿ ಗೀರು ಬಂದಿದೆ ಅಷ್ಟೇ ಎಂಬ ಮಾತಿಗೂ ಇಲ್ಲಿ ಬೆಲೆಯಿಲ್ಲ. ಬೀದಿಯಿಂದ ತಂದ ಎಳೆಯ ಮರಿಗೂ ರೇಬೀಸ್ ಇರಬಹುದು.

ಮರಿಗೆ ಮೂರು ತಿಂಗಳು ತುಂಬಿದಾಗ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಲಸಿಕೆ ಯಾವಾಗ ಎಂಬುದನ್ನು ಅಲ್ಲಿಯೇ ಬರೆಸಿಕೊಳ್ಳಿ. ಜಂತಿನ ಔಷಧಿಯನ್ನು ಅದಕ್ಕೂ ಮೊದಲೇ ಕೊಡಿಸಬೇಕು. ನಾಯಿಯ ಹೊಟ್ಟೆಯ ಜಂತು ಅಂಗಳದ ಮಣ್ಣಿನಲ್ಲಿ ಆಡುವ ಮಕ್ಕಳಿಗೂ ತಗಲುತ್ತದೆ. ನಾಯಿಯ ಲಸಿಕೆ ಚೀಟಿಯನ್ನು ಮಕ್ಕಳ ಲಸಿಕೆ ಕಾರ್ಡಿನ ಜೊತೆಗೇ ಇಟ್ಟಿರಿ. ಕಡಿತವಾಗಿ ನಮ್ಮಲ್ಲಿಗೆ ಬರುವಾಗ ಎರಡನ್ನೂ ತನ್ನಿ.